ಬೋರ್ ನೀರಿನ ಊರಿಗೆ ಎಂಥ ಬಿಲ್ಲೆ ಬೇಕು?

ಚಿಂತಾಮಣಿಯಲ್ಲೋ ಗೌರಿಬಿದನೂರಿನಲ್ಲೋ ಹೊಸ ಮನೆ ಕಟ್ಟಿಸಿದವರಿಗೆ ಬೋರ್ ನೀರಿನ ಗುಣ ಮೊದಲು ಗೊತ್ತಾಗುವುದು ಗೀಸರಿನ ಕಾಯಿಲ್‌ನಲ್ಲಿ, ಆಮೇಲೆ ಶೌಚಾಲಯದ ಬೇಸಿನ್ನಿನಲ್ಲಿ. ನೀರು ನಿಲ್ಲುವ ಗೆರೆಯ ಸುತ್ತ ಮೊದಲು ಬೆಳ್ಳಗೆ ತೆಳುವಾದ ಪೊರೆ ಕಟ್ಟುತ್ತದೆ. ಕೆಲವು ತಿಂಗಳಲ್ಲಿ ಅದು ಹಳದಿಗೆ ತಿರುಗಿ ಆಮೇಲೆ ಕಂದಾಗುತ್ತದೆ. ಬ್ರಷ್ ಹಾಕಿ ಎಷ್ಟು ಉಜ್ಜಿದರೂ ಬಿಡುವುದಿಲ್ಲ. ಮನೆಯವರು ಅದನ್ನು ಕೊಳಕು ಎಂದುಕೊಂಡು ನಾಚುತ್ತಾರೆ, ಬಂದ ನೆಂಟರು ಮನೆಯವರ ಸೋಮಾರಿತನ ಎಂದುಕೊಳ್ಳುತ್ತಾರೆ. ನಿಜಕ್ಕೂ ಅದು ಕಲ್ಲು. ನೀರಿನಲ್ಲಿ ಕರಗಿ ಬಂದ ಸುಣ್ಣ ಪಿಂಗಾಣಿಯ ಮೇಲೆ ಮತ್ತೆ ಕಲ್ಲಾಗಿ ಕೂತಿದೆ.

ಈ ಕಲ್ಲನ್ನು ತೆಗೆಯಲು ನಮ್ಮ ಜನ ಕಂಡುಕೊಂಡ ದಾರಿ ಆಸಿಡ್. ಗುಜರಿ ಬಾಟಲಿಗಳಲ್ಲಿ ತುಂಬಿಟ್ಟ, ಮುಚ್ಚಳ ತೆಗೆದರೆ ಬಿಳಿ ಹೊಗೆಯಾಡುವ ಹೈಡ್ರೋಕ್ಲೋರಿಕ್ ಆಸಿಡ್. ಅದಕ್ಕೆ ಬದಲಾಗಿ ಗಟ್ಟಿ ರೂಪದ ಕ್ಲೀನರ್, ಅಂದರೆ ಬಿಲ್ಲೆ, ಗುಳಿಗೆ ಅಥವಾ ಹರಳು, ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ನೀರಿಗೆ ಹೊಂದುವಂತೆ ಮಾಡಲು ಸಾಧ್ಯವೇ ಎನ್ನುವುದು ಈ ಲೇಖನದ ಪ್ರಶ್ನೆ. ಸಾಧ್ಯ ಎನ್ನುವುದು ನನ್ನ ಖಚಿತ ನಂಬಿಕೆ. ಆದರೆ ಅಂಗಡಿಯ ಕಪಾಟಿನಲ್ಲಿ ಇವತ್ತು ಸಿಗುವ ಗಟ್ಟಿ ಕ್ಲೀನರುಗಳಲ್ಲಿ ಹೆಚ್ಚಿನವು ಬೇರೆ ನೀರಿಗೆ, ಬೇರೆ ಬಗೆಯ ಶೌಚಾಲಯಕ್ಕೆ ಹುಟ್ಟಿದವು.

ಮೊದಲು ನೀರಿನ ಮಾತು. ನಂದಿ ಬೆಟ್ಟದ ಸಾಲು ಪಾಲಾರ್, ಅರ್ಕಾವತಿ, ಚಿತ್ರಾವತಿ, ಉತ್ತರ ಮತ್ತು ದಕ್ಷಿಣ ಪಿನಾಕಿನಿಗಳ ತವರು. ಆದರೂ ವರ್ಷವಿಡೀ ಹರಿಯುವ ಒಂದು ಹೊಳೆಯೂ ಜಿಲ್ಲೆಗಿಲ್ಲ. ಸಾವಿರ ಅಡಿ ದಾಟಿದ ಕೊಳವೆಬಾವಿಗಳೇ ಊರುಗಳನ್ನು ಸಾಕುತ್ತಿವೆ. ಮಳೆ ನೀರು ಮಣ್ಣಿನಲ್ಲಿ ಇಂಗುವಾಗ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಅತಿ ಸೌಮ್ಯ ಆಮ್ಲವಾಗುತ್ತದೆ. ನೈಸ್ ಮತ್ತು ಗ್ರಾನೈಟ್ ಬಂಡೆಗಳ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತು ಅಲ್ಲಿನ ಫೆಲ್ಡ್‌ಸ್ಪಾರಿನಿಂದ ಕ್ಯಾಲ್ಸಿಯಂ, ಕಪ್ಪು ಖನಿಜಗಳಿಂದ ಮೆಗ್ನೀಸಿಯಂ ಎಳೆದುಕೊಳ್ಳುತ್ತದೆ. ಹೀಗೆ ಕರಗಿದ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಮೇಲೆ ಬಂದು ಗಾಳಿಗೆ ಒಡ್ಡಿಕೊಂಡಾಗ, ಬಿಸಿಯಾದಾಗ, ಆವಿಯಾದಾಗ ಅನಿಲವನ್ನು ಬಿಟ್ಟು ಸುಣ್ಣದ ಕಾರ್ಬೊನೇಟ್ ಆಗಿ ಕೂರುತ್ತದೆ. ಭಾರತೀಯ ಮಾನಕ ಸಂಸ್ಥೆಯ ಕುಡಿಯುವ ನೀರಿನ ಮಾನಕ ಐಎಸ್ 10500 ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಸಹಿಸಿಕೊಳ್ಳಬಹುದು. ಮುಂದಿನ ಲೆಕ್ಕಗಳಿಗೆ ಆ 600ರ ನೀರನ್ನೇ ಇಟ್ಟುಕೊಳ್ಳೋಣ.

ಶೌಚಾಲಯದಲ್ಲಿ ಮಾತ್ರ ಈ ಕಲ್ಲು ಬೇಗ ಬೆಳೆಯಲು ಇನ್ನೊಂದು ಕಾರಣವಿದೆ. ಮೂತ್ರದಲ್ಲಿ ಯೂರಿಯಾ ಇದೆ. ಬೇಸಿನ್ನಿನ ಮೇಲೆ ನೆಲೆಸಿದ ಬ್ಯಾಕ್ಟೀರಿಯಾಗಳ ಯೂರಿಯೇಸ್ ಎಂಬ ಕಿಣ್ವ ಅದನ್ನು ಒಡೆದು ಅಮೋನಿಯಾ ಮಾಡುತ್ತದೆ. ಮೂಗಿಗೆ ಬಡಿಯುವ ಘಾಟು ಅದೇ. ಅಮೋನಿಯಾ ಹೆಚ್ಚಿದಂತೆ ಅಲ್ಲಿ ನಿಂತ ದ್ರವದ ಪಿಎಚ್ 9ರ ಹತ್ತಿರ ಏರುತ್ತದೆ. ಆ ಕ್ಷಾರದಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಕರಗಿರಲಾರವು. ನೀರಿನ ಕಾರ್ಬೊನೇಟ್ ಜೊತೆಗೂ ಮೂತ್ರದ ಫಾಸ್ಫೇಟ್ ಜೊತೆಗೂ ಸೇರಿ ಗಟ್ಟಿಯಾಗುತ್ತವೆ. ಶಾಲೆಯ ಮೂತ್ರಾಲಯದಲ್ಲಿ, ಬಸ್ ನಿಲ್ದಾಣದಲ್ಲಿ ಕಾಣುವ ಹಳದಿ ಹಕ್ಕಳೆ ಇಂಥ ಮಿಶ್ರ ಕಲ್ಲು. ಅದರ ಒರಟು ಮೈಯ ಸಂದುಗಳಲ್ಲಿ ಬ್ಯಾಕ್ಟೀರಿಯಾ ಮತ್ತೆ ನೆಲೆಸಿ ಮತ್ತಷ್ಟು ಅಮೋನಿಯಾ ಮಾಡುತ್ತವೆ. ಆದ್ದರಿಂದ ಕಲ್ಲು ಹೋಗದೆ ವಾಸನೆ ಹೋಗದು. ಎಷ್ಟು ಫಿನೈಲ್ ಹಾಕಿದರೂ ಸಂಜೆಗೆ ಅದೇ ವಾಸನೆ ಏಕೆ ಮರಳುತ್ತದೆ ಎಂದು ಕೇಳುವ ಮುಖ್ಯೋಪಾಧ್ಯಾಯರಿಗೆ ಉತ್ತರ ಇದು.

ಸುಣ್ಣದ ಕಲ್ಲಿಗೆ ಆಮ್ಲವೇ ಮದ್ದು, ಅದರಲ್ಲಿ ಎರಡು ಮಾತಿಲ್ಲ. ಯಾವ ಆಮ್ಲ, ಯಾವ ರೂಪದಲ್ಲಿ, ಯಾರ ಕೈಯಲ್ಲಿ ಎನ್ನುವುದರಲ್ಲಿ ಎಲ್ಲವೂ ಇದೆ. ಬಿಡಿ ಆಸಿಡ್ಡಿನ ಆವಿ ಗಂಟಲು, ಕಣ್ಣು, ಶ್ವಾಸಕೋಶಗಳನ್ನು ಸುಡುತ್ತದೆ. ಕಿಟಕಿಯಿಲ್ಲದ ನಾಲ್ಕಡಿ ಅಗಲದ ಶೌಚಾಲಯದಲ್ಲಿ ಕೂತು ಉಜ್ಜುವವರಿಗೆ ತಪ್ಪಿಸಿಕೊಳ್ಳಲು ಜಾಗವೇ ಇಲ್ಲ. ಅದು ಬೇಸಿನ್ನಿನ ಸುತ್ತಲಿನ ಸಿಮೆಂಟ್ ಸಂದುಗಳನ್ನೂ ಶೌಚಗುಂಡಿಯ ಸಿಮೆಂಟ್ ರಿಂಗುಗಳನ್ನೂ ತಿನ್ನುತ್ತದೆ. ಬಾಟಲಿಗಟ್ಟಲೆ ಸುರಿದರೆ ಗುಂಡಿಯಲ್ಲಿ ಮಲವನ್ನು ಕರಗಿಸುವ ಜೀವಾಣುಗಳು ಸೊರಗುತ್ತವೆ. ಗುಂಡಿ ಬೇಗ ತುಂಬಿದರೆ ಅದನ್ನು ಖಾಲಿ ಮಾಡುವ ಕೆಲಸ ಮತ್ತೆ ಯಾರದೋ ಕೊರಳಿಗೆ ಬೀಳುತ್ತದೆ. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು 1970ರ ದಶಕದ ಆರಂಭದಲ್ಲೇ, ದೇವರಾಜ ಅರಸರ ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರ ಮುತುವರ್ಜಿಯಿಂದ ನಿಷೇಧಿಸಿದ ನಾಡು ನಮ್ಮದು. ರಕ್ಷಣಾ ಸಾಧನಗಳಿಲ್ಲದೆ ಗುಂಡಿಗೆ ಮನುಷ್ಯರನ್ನು ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ. ಶುಚಿಯ ವಸ್ತು ಹೇಗಿರಬೇಕು ಎಂಬ ಪ್ರಶ್ನೆಯನ್ನು ಆ ಚರಿತ್ರೆಯಿಂದ ಬೇರೆ ಮಾಡಿ ನೋಡಲು ನನಗೆ ಸಾಧ್ಯವಿಲ್ಲ. ಅದೇ 2013ರ ಜುಲೈಯಲ್ಲಿ ಸುಪ್ರೀಂ ಕೋರ್ಟ್, ಆಸಿಡ್ ದಾಳಿಗೆ ತುತ್ತಾದ ಲಕ್ಷ್ಮಿಯವರ ಅರ್ಜಿಯ ಮೇಲೆ, ಆಸಿಡ್ ಬಿಡಿ ಮಾರಾಟಕ್ಕೆ ಕಡಿವಾಣ ಹಾಕಿತು. ಕೊಳ್ಳುವವರ ವಿವರ ಬರೆದುಕೊಳ್ಳಬೇಕು, ಗುರುತಿನ ಚೀಟಿ ನೋಡಬೇಕು, 18 ವರ್ಷ ತುಂಬದವರಿಗೆ ಕೊಡಬಾರದು. ಆದರೆ ಶೌಚಾಲಯಕ್ಕೆ ಬೇರೆ ಉಪಾಯ ಸಿಗದಿದ್ದರೆ ಅಡುಗೆಮನೆಯ ಮೂಲೆಯಲ್ಲಿ ಆ ಬಾಟಲಿ ಇದ್ದೇ ಇರುತ್ತದೆ.

ಗಟ್ಟಿ ಕ್ಲೀನರ್ ಹೊಸದೇನಲ್ಲ. ಅಮೆರಿಕದ ಓಹಾಯೋದಲ್ಲಿ 1911ರಲ್ಲಿ ಬಂದ ಸ್ಯಾನಿ-ಫ್ಲಷ್ ಎಂಬುದು ಡಬ್ಬಿಯಲ್ಲಿ ಬರುತ್ತಿದ್ದ ಹರಳು. ಅದರ ಮುಖ್ಯ ವಸ್ತು ಸೋಡಿಯಂ ಬೈಸಲ್ಫೇಟ್. ಒಣಗಿದ್ದಾಗ ಸುಮ್ಮನಿದ್ದು ನೀರಿಗೆ ಬಿದ್ದಾಗ ಆಮ್ಲವಾಗುವ ಉಪ್ಪು ಅದು. ಇಂಗ್ಲೆಂಡಿನ ಹ್ಯಾರಿ ಪಿಕಪ್ ಎಂಬಾತನ ಹೆಸರಿನಿಂದ ಬಂದ ಹಾರ್ಪಿಕ್ ಕೂಡ ಮೊದಲು ಪುಡಿಯಾಗಿಯೇ ಇತ್ತು. ಗಟ್ಟಿ ವಸ್ತುವಿಗಿರುವ ಅನುಕೂಲ ಸರಳ: ಹೊಗೆಯಿಲ್ಲ, ಚೆಲ್ಲುವುದಿಲ್ಲ, ಬಳಸುವವರು ಅಂದಾಜಿಗಿಂತ ಹೆಚ್ಚು ಸುರಿಯುವುದಿಲ್ಲ, ಲಾರಿಯಲ್ಲಿ ನೀರನ್ನು ಸಾಗಿಸುವ ದಂಡವೂ ಇಲ್ಲ.

ಈಗ ಸೂಪರ್ ಮಾರ್ಕೆಟ್ಟಿನಲ್ಲಿ ಸಿಗುವ, ಕಮೋಡಿನ ಅಂಚಿಗೆ ನೇತುಹಾಕುವ ಬಣ್ಣದ ಬಿಲ್ಲೆಗೆ ಬರೋಣ. ಅದರೊಳಗೆ ಇರುವುದು ನೊರೆ ತರುವ ಮಾರ್ಜಕ, ಗಾತ್ರ ತುಂಬಲು ಸೋಡಿಯಂ ಸಲ್ಫೇಟ್, ಸುವಾಸನೆ, ಬಣ್ಣ ಮತ್ತು ಬೇಗ ಕರಗದಂತೆ ಹಿಡಿದಿಡುವ ಅಂಟು. ಹಿಟ್ಟಿನಂತೆ ನಾದಿ ಯಂತ್ರದಲ್ಲಿ ಕಡ್ಡಿಯಾಗಿ ಒತ್ತಿ ಕತ್ತರಿಸುತ್ತಾರೆ, ಇಲ್ಲವೇ ಕರಗಿಸಿ ಅಚ್ಚಿಗೆ ಹುಯ್ಯುತ್ತಾರೆ. ತಯಾರಕರ ಕಸುಬೆಲ್ಲ ಇರುವುದು ಕರಗುವ ವೇಗವನ್ನು ಹಿಡಿತದಲ್ಲಿಡುವುದರಲ್ಲಿ. ಇದರ ಲೆಕ್ಕ ಹಾಕಿ ನೋಡಿ. 40 ಗ್ರಾಂ ಬಿಲ್ಲೆ, ದಿನಕ್ಕೆ 10 ಸಲ ಫ್ಲಷ್, 30 ದಿನ ಬಾಳಬೇಕು. ಅಂದರೆ 300 ಫ್ಲಷ್, ಪ್ರತಿ ಸಲಕ್ಕೆ ಸುಮಾರು 0.13 ಗ್ರಾಂ. ಫ್ಲಷ್ಷಿನ 6 ಲೀಟರಿನಲ್ಲಿ ಅದು ಲೀಟರಿಗೆ 22 ಮಿಲಿಗ್ರಾಂ. ಅದೇ 6 ಲೀಟರ್ ಬೋರ್ ನೀರು ತನ್ನೊಂದಿಗೆ ತರುವ ಗಡಸುತನ 3.6 ಗ್ರಾಂ. ಅಷ್ಟನ್ನೂ ಆಮ್ಲದಿಂದ ತಡೆಯಬೇಕಾದರೆ ಒಂದು ಫ್ಲಷ್ಷಿಗೆ ಹತ್ತಿರ ಹತ್ತಿರ 7 ಗ್ರಾಂ ಸಲ್ಫಾಮಿಕ್ ಆಸಿಡ್ ಬೇಕು. ಬಿಲ್ಲೆ ಬಿಡುವುದಕ್ಕಿಂತ ಐವತ್ತು ಪಟ್ಟು ಹೆಚ್ಚು. ಆದ್ದರಿಂದ ನೇತುಹಾಕುವ ಬಿಲ್ಲೆ ನಮ್ಮ ನೀರಿನಲ್ಲಿ ಕೂತ ಸುಣ್ಣವನ್ನು ಕರಗಿಸುತ್ತದೆ ಎಂದು ಯಾವ ಜಾಹೀರಾತು ಹೇಳಿದರೂ ನಂಬಬೇಕಿಲ್ಲ.

ಹಾಗಾದರೆ ಅದು ನಿಷ್ಪ್ರಯೋಜಕವೇ? ಅಲ್ಲ. ಕೂತದ್ದನ್ನು ತೆಗೆಯಲಾರದು, ಆದರೆ ಕೂರುವುದನ್ನು ತಡಮಾಡಬಲ್ಲದು. ಪಾಲಿಅಕ್ರಿಲೇಟ್, ಫಾಸ್ಫೊನೇಟ್‌ನಂಥ ವಸ್ತುಗಳು ಲೀಟರಿಗೆ ಒಂದೆರಡು ಮಿಲಿಗ್ರಾಂ ಇದ್ದರೂ ಹುಟ್ಟುತ್ತಿರುವ ಸುಣ್ಣದ ಹರಳಿನ ಮೈಗೆ ಅಂಟಿಕೊಂಡು ಅದು ದೊಡ್ಡದಾಗದಂತೆ ನೋಡಿಕೊಳ್ಳುತ್ತವೆ. ಬಿಲ್ಲೆಯ ಹತ್ತರಲ್ಲೊಂದು ಪಾಲು ಇಂಥದ್ದಿದ್ದರೆ ಲೀಟರಿಗೆ 2 ಮಿಲಿಗ್ರಾಂ ಸಿಕ್ಕಿತು. ಮಾರ್ಜಕದ ಆಯ್ಕೆಯೂ ಹಾಗೆಯೇ. ಬಟ್ಟೆ ಪುಡಿಯಲ್ಲಿ ಬಳಸುವ ಅಗ್ಗದ ಲ್ಯಾಸ್ ಎಂಬ ಮಾರ್ಜಕ ಗಡಸು ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಸೊರಗುತ್ತದೆ. ಕೊಬ್ಬಿನ ಆಲ್ಕೋಹಾಲಿನ ಎಥಾಕ್ಸಿಲೇಟ್‌ಗಳಿಗೆ ಕ್ಯಾಲ್ಸಿಯಂನ ಹಂಗಿಲ್ಲ. ಅವುಗಳ ಸರಪಳಿ ಉದ್ದವಾದಷ್ಟೂ ಮೇಣದಂತೆ ಗಟ್ಟಿಯಾಗುವುದರಿಂದ ಬಿಲ್ಲೆಗೆ ಮೈಯೂ ಅವೇ ಆಗುತ್ತವೆ.

ಆದರೆ ಇಷ್ಟೆಲ್ಲ ಜಾಣ್ಮೆ ಫ್ಲಷ್ ಟ್ಯಾಂಕ್ ಇರುವ ಮನೆಗೆ. ಶಿಡ್ಲಘಟ್ಟದ ರೇಷ್ಮೆ ರೀಲರುಗಳ ಓಣಿಗಳಲ್ಲಿ, ಹಳ್ಳಿಯ ಶಾಲೆಗಳಲ್ಲಿ, 2014ರಿಂದ ಸ್ವಚ್ಛ ಭಾರತ ಯೋಜನೆಯಲ್ಲಿ ಕಟ್ಟಿದ ಮನೆಮನೆಯ ಶೌಚಾಲಯಗಳಲ್ಲಿ ಇರುವುದು ಕೂರುವ ಬೇಸಿನ್, ಪಕ್ಕದಲ್ಲಿ ಬಕೆಟ್ಟು, ಚೊಂಬು. ಎರಡು ಲೀಟರಿನಷ್ಟು ನೀರು ಹುಯ್ದರೆ ಮುಗಿಯಿತು. ಬಿಲ್ಲೆ ನೇತುಹಾಕಲು ಅಲ್ಲಿ ಅಂಚೇ ಇಲ್ಲ. ಕರ್ನಾಟಕದ ಈ ಭಾಗಕ್ಕೆ ಗಟ್ಟಿ ಕ್ಲೀನರ್ ಮಾಡುವವರು ಹೊರಡಬೇಕಾದದ್ದು ಇಲ್ಲಿಂದ. ನೇತುಹಾಕುವುದಲ್ಲ, ರಾತ್ರಿ ಮಲಗುವ ಮುಂಚೆ ಬೇಸಿನ್ನಿಗೆ ಹಾಕಿ ಬೆಳಿಗ್ಗೆ ಉಜ್ಜಿ ನೀರು ಹುಯ್ಯುವಂಥ ಗುಳಿಗೆ ಬೇಕು.

ಅಂಥ ಗುಳಿಗೆಗೆ ಆಮ್ಲ ಯಾವುದು? ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ಸೌಮ್ಯ ಮತ್ತು ಕೈಗೆ ಸುಲಭ. ಒಂದು ಗ್ರಾಂ ಸುಣ್ಣಕ್ಕೆ ಸುಮಾರು 1.3 ಗ್ರಾಂ ಸಾಕು. ಆದರೆ ತೇವ ಎಳೆದು ಗಂಟುಕಟ್ಟುತ್ತದೆ, ಹುಟ್ಟುವ ಕ್ಯಾಲ್ಸಿಯಂ ಸಿಟ್ರೇಟ್ ಸರಿಯಾಗಿ ಕರಗದೆ ಕಲ್ಲಿನ ಮೇಲೇ ಪೊರೆಯಾಗಿ ನಿಲ್ಲಬಹುದು. ಸಲ್ಫಾಮಿಕ್ ಆಸಿಡ್ ಗ್ರಾಂ ಸುಣ್ಣಕ್ಕೆ ಹೆಚ್ಚು ಕಡಿಮೆ 2 ಗ್ರಾಂ ಬೇಡುತ್ತದೆ. ಆದರೆ ಅದು ಒಣ ಹರಳು, ತೇವ ಎಳೆಯದು, ಆವಿಯಾಗದು, ಅದರಿಂದ ಹುಟ್ಟುವ ಕ್ಯಾಲ್ಸಿಯಂ ಲವಣ ಚೆನ್ನಾಗಿ ಕರಗಿ ಹರಿದುಹೋಗುತ್ತದೆ. ಬಲದಲ್ಲಿ ಹೈಡ್ರೋಕ್ಲೋರಿಕ್ಕಿಗೆ ಬಹಳ ಹಿಂದಿಲ್ಲ. ನಮ್ಮ ಕಲ್ಲಿಗೆ ನನ್ನ ಮತ ಇದಕ್ಕೇ, ಕಬ್ಬಿಣದ ಕೆಂಪು ಕಲೆಯೂ ಇರುವಲ್ಲಿ ಜೊತೆಗೆ ಸ್ವಲ್ಪ ನಿಂಬೆ ಉಪ್ಪು.

ಗುಳಿಗೆ ಗಟ್ಟಿ ಉಂಡೆಯಾಗಿ ತಳದಲ್ಲಿ ಕೂರದೆ ಬೇಗ ಒಡೆದು ಹರಡಲೆಂದು ಅಡುಗೆ ಸೋಡಾ ಬೆರೆಸುತ್ತಾರೆ. ಬುಸುಗುಟ್ಟುವ ನೊರೆ ಕಣ್ಣಿಗೆ ಹಬ್ಬ, ಕೊಳ್ಳುವವರಿಗೆ ಕೆಲಸ ಆಗುತ್ತಿದೆ ಎಂಬ ಭರವಸೆ. ಆದರೆ ಆ ಬುಸುಗು ತಿನ್ನುವುದು ಆಮ್ಲವನ್ನೇ. 25 ಗ್ರಾಂ ಗುಳಿಗೆಯಲ್ಲಿ 15 ಗ್ರಾಂ ಸಲ್ಫಾಮಿಕ್, 6 ಗ್ರಾಂ ಸೋಡಾ, ಉಳಿದದ್ದು ಮಾರ್ಜಕ ಮತ್ತು ಅಂಟು ಇದೆ ಎನ್ನಿ. 6 ಗ್ರಾಂ ಸೋಡಾ 7 ಗ್ರಾಂ ಆಮ್ಲವನ್ನು ನುಂಗಿತು. ಉಳಿದದ್ದು 8. ಬೇಸಿನ್ನಿನ ತಳದಲ್ಲಿ ಒಂದೂವರೆ ಲೀಟರ್ ನೀರು ನಿಂತಿದ್ದು ಅದರ ಗಡಸುತನವೆಲ್ಲ ಬೈಕಾರ್ಬೊನೇಟ್ ಆಗಿದ್ದರೆ ಇನ್ನೂ 1.7 ಗ್ರಾಂ ಹೋಯಿತು. ಕಲ್ಲಿನ ಪಾಲಿಗೆ ಸಿಕ್ಕಿದ್ದು 6 ಗ್ರಾಂ ಚಿಲ್ಲರೆ, ಅದು ಕರಗಿಸುವುದು 3 ಗ್ರಾಂಗಿಂತ ಸ್ವಲ್ಪ ಹೆಚ್ಚು ಸುಣ್ಣ. ಮೊದಲೇ ತಳದ ನೀರನ್ನು ಬ್ರಷ್ಷಿನಿಂದ ಒಳಕ್ಕೆ ನೂಕಿ ಆಮೇಲೆ ಗುಳಿಗೆ ಹಾಕಿದರೆ ಅದೇ ಗುಳಿಗೆ ಹೆಚ್ಚು ಕೆಲಸ ಮಾಡುತ್ತದೆ. ಸೋಡಾವನ್ನು ಅರ್ಧಕ್ಕೆ ಇಳಿಸಿದರೆ ಇನ್ನೂ ಹೆಚ್ಚು, ನೊರೆ ಮಾತ್ರ ಕಡಿಮೆ. ಮಾರಾಟದವರಿಗೆ ನೊರೆ ಬೇಕು, ಉಜ್ಜುವವರಿಗೆ ಆಮ್ಲ ಬೇಕು. ಈ ಜಗ್ಗಾಟದಲ್ಲಿ ನಾನು ಉಜ್ಜುವವರ ಕಡೆ.

ಇನ್ನು ಪರೀಕ್ಷೆ. ನಲ್ಲಿಯಲ್ಲಿ ಬಂದದ್ದೆಲ್ಲ ಒಂದೇ ನೀರು ಎಂದುಕೊಂಡು ಮಾಡುವ ಪರೀಕ್ಷೆಗೆ ಬೆಲೆಯಿಲ್ಲ. ಚಿಕ್ಕಬಳ್ಳಾಪುರ ಪಟ್ಟಣದಲ್ಲಿ ಜಕ್ಕಲಮಡಗು ಜಲಾಶಯದ ನೀರು ಬಂದ ದಿನ ಒಂದು ಗುಣ, ಬೋರ್ ನೀರು ಬಿಟ್ಟ ದಿನ ಇನ್ನೊಂದು. ಜಿಲ್ಲೆಯ ಕೆಲವೆಡೆ ಫ್ಲೋರೈಡ್ ಹೆಚ್ಚಿರುವ ನೀರಿದೆ. ಅಂಥ ನೀರಿನಲ್ಲಿ ಸಾಮಾನ್ಯವಾಗಿ ಕ್ಯಾಲ್ಸಿಯಂ ಕಡಿಮೆ, ಸೋಡಿಯಂ ಬೈಕಾರ್ಬೊನೇಟ್ ಹೆಚ್ಚು. ಅದು ಕಲ್ಲು ಕಟ್ಟುವುದು ಕಡಿಮೆ, ಆದರೆ ಗುಳಿಗೆಯ ಆಮ್ಲವನ್ನು ಮಾತ್ರ ಅಷ್ಟೇ ಹಸಿವಿನಿಂದ ತಿನ್ನುತ್ತದೆ. ಗಡಸುತನವನ್ನಷ್ಟೇ ಅಳೆದು ಬಿಟ್ಟರೆ ಇದು ಕಾಣುವುದೇ ಇಲ್ಲ, ಕ್ಷಾರತೆಯನ್ನೂ ಅಳೆಯಬೇಕು. ಎರಡೂ ನಮ್ಮ ಪದವಿ ಕಾಲೇಜುಗಳ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಮಕ್ಕಳು ಮಾಡುವ ಟೈಟ್ರೇಷನ್‌ಗಳೇ. ಇಡಿಟಿಎ ಹನಿಹನಿಯಾಗಿ ಬಿಟ್ಟಂತೆ ದ್ರಾಕ್ಷಾರಸದ ಕೆಂಪು ನೀಲಿಗೆ ತಿರುಗುವ ಆ ಪ್ರಯೋಗವನ್ನು ರೆಕಾರ್ಡ್ ಪುಸ್ತಕಕ್ಕೆ ಮಾತ್ರ ಮೀಸಲಿಡುವ ಬದಲು ತಮ್ಮ ತಮ್ಮ ಊರಿನ ನೀರು ತಂದು ಮಾಡಿಸಿದರೆ ತಾಲ್ಲೂಕಿನ ನಕ್ಷೆಯೇ ಸಿದ್ಧವಾಗುತ್ತದೆ. ನೀರು ಬದಲಾದರೆ ನೂಲಿನ ಹೊಳಪು ಬದಲಾಗುತ್ತದೆಂದು ಶಿಡ್ಲಘಟ್ಟದ ರೀಲರುಗಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಕ್ಲೀನರ್ ಮಾಡುವವರಿಗೂ ಆ ಎಚ್ಚರ ಬೇಕು.

ಕಲ್ಲು ಕರಗುವುದನ್ನು ಅಳೆಯಲು ಪ್ರಯೋಗಾಲಯಗಳು ಅಮೃತಶಿಲೆಯ ತುಣುಕು ಬಳಸುತ್ತವೆ. ತೂಗಿ, ದ್ರಾವಣದಲ್ಲಿ ಅರ್ಧ ಗಂಟೆ ಇಟ್ಟು, ತೊಳೆದು ಒಣಗಿಸಿ ಮತ್ತೆ ತೂಗುವುದು. ನಮ್ಮ ಜಿಲ್ಲೆಯ ಕ್ವಾರಿಯ ಗ್ರಾನೈಟ್ ತುಣುಕು ಇದಕ್ಕೆ ಬಾರದು, ಈ ಆಮ್ಲಗಳಿಗೆ ಅದು ಜಗ್ಗುವುದಿಲ್ಲ. ಅಮೃತಶಿಲೆಗಿಂತಲೂ ಒಳ್ಳೆಯದು ಪ್ಲಂಬರುಗಳು ಕಿತ್ತು ಬಿಸಾಡಿದ ಹಳೆಯ ಬೇಸಿನ್. ಅದರ ಹಕ್ಕಳೆಗಟ್ಟಿದ ಭಾಗವನ್ನು ಒಂದೇ ಅಳತೆಯ ತುಣುಕುಗಳಾಗಿ ಕತ್ತರಿಸಿದರೆ ನಮ್ಮದೇ ನೀರು, ನಮ್ಮದೇ ಬಳಕೆ ಬೆಳೆಸಿದ ನಿಜವಾದ ಕಲ್ಲು ಸಿಕ್ಕಿತು. ಚಿನ್ನದ ಅಂಗಡಿಯ ತಕ್ಕಡಿಯಷ್ಟು ಸೂಕ್ಷ್ಮವಾದ ತೂಕ ಸಾಕು. ಒಂದು ಗುಳಿಗೆಗೆ ಕನಿಷ್ಠ ಮೂರು ತುಣುಕು, ಮತ್ತು ಬರೀ ನೀರಿನಲ್ಲಿ ಇಟ್ಟ ತುಣುಕುಗಳು ಜೊತೆಗಿರಲೇಬೇಕು. ನೀರೂ ಸ್ವಲ್ಪ ತೊಳೆದುಕೊಂಡು ಹೋಗುತ್ತದೆ, ಆ ಕೀರ್ತಿ ಗುಳಿಗೆಗೆ ಸಲ್ಲಬಾರದು. ನೇತುಹಾಕುವ ಬಿಲ್ಲೆಗಾದರೆ ಇಂತಿಷ್ಟು ಫ್ಲಷ್ಷಿಗೊಮ್ಮೆ ತೂಕ ನೋಡಬೇಕು. ಒಂದೇ ಸಮನೆ ಇಳಿಯಬೇಕು, ಮೊದಲ ವಾರವೇ ಅರ್ಧ ಕರಗಿ ಕೊನೆಗೆ ಬಣ್ಣವಿಲ್ಲದ ಲೋಳೆಯಾಗಿ ಜೋತುಬೀಳಬಾರದು. ಏಪ್ರಿಲ್ ಮಧ್ಯಾಹ್ನ ತಾರಸಿಯ ಕಪ್ಪು ಟ್ಯಾಂಕಿನಿಂದ ಇಳಿಯುವ ಬಿಸಿ ನೀರಿನಲ್ಲೂ ಡಿಸೆಂಬರಿನ ತಣ್ಣೀರಿನಲ್ಲೂ ಎರಡು ಸಲ ಪರೀಕ್ಷಿಸಬೇಕು. ಬುಸುಗುಟ್ಟುವ ಗುಳಿಗೆಯ ದೊಡ್ಡ ಶತ್ರು ತೇವ. ಬಯಲುಸೀಮೆಯ ಒಣ ಹವೆ ತಯಾರಿಕೆಗೆ ಅನುಕೂಲ, ಆದರೂ ಮಳೆಗಾಲದಲ್ಲಿ ಅಂಗಡಿಯ ಕಪಾಟಿನಲ್ಲಿ ಪೊಟ್ಟಣ ಉಬ್ಬಿದರೆ ಎಲ್ಲ ಶ್ರಮವೂ ವ್ಯರ್ಥ.

ಮೂತ್ರಾಲಯಗಳಲ್ಲಿ, ಕೈ ತೊಳೆಯುವ ತೊಟ್ಟಿಗಳಲ್ಲಿ ಹಾಕುವ ನುಸಿ ಗುಳಿಗೆಯನ್ನು ಈ ಸಾಲಿಗೆ ಸೇರಿಸಬೇಡಿ. ನ್ಯಾಫ್ತಲೀನ್ ಇರಲಿ, ಪ್ಯಾರಾ ಡೈಕ್ಲೋರೋಬೆಂಜೀನ್ ಇರಲಿ, ಅವು ಏನನ್ನೂ ತೊಳೆಯುವುದಿಲ್ಲ. ಮೆಲ್ಲಗೆ ಆವಿಯಾಗಿ ಮೂಗನ್ನು ಮಂಕು ಮಾಡುತ್ತವೆ, ಅಷ್ಟೆ. ಎರಡನ್ನೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್ ತರಬಹುದಾದ ವಸ್ತುಗಳ ಗುಂಪಿನಲ್ಲಿಟ್ಟಿದೆ. ಶೌಚಾಲಯದ ಸುವಾಸನೆಯ ಬಿಲ್ಲೆಗಳಲ್ಲಿ ಪ್ಯಾರಾ ಡೈಕ್ಲೋರೋಬೆಂಜೀನ್ ಬಳಕೆಯನ್ನು ಯುರೋಪಿಯನ್ ಒಕ್ಕೂಟ 2014ರಲ್ಲಿ ನಿಷೇಧಿಸಿತು. ನಮ್ಮ ಶಾಲೆಗಳಲ್ಲಿ ಅವು ಇನ್ನೂ ಉರುಳಾಡುವುದನ್ನು ಕಂಡರೆ ಸಂಕಟವಾಗುತ್ತದೆ.

ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎಂಬುದು ಬೇರೆ ಊರಿನವರಿಗೆ ದೂರದ ಪ್ರಶ್ನೆ ಇರಬಹುದು, ನಮಗಲ್ಲ. ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಹೆಬ್ಬಾಳ, ನಾಗವಾರ ಕಣಿವೆಗಳ ಕೊಳಚೆ ನೀರು ಎರಡು ಹಂತ ಶುದ್ಧೀಕರಣಗೊಂಡು ಕಂದವಾರ ಸೇರಿದಂತೆ ಚಿಕ್ಕಬಳ್ಳಾಪುರದ ಕೆರೆಗಳಿಗೆ ಬರುತ್ತದೆ, ಅಲ್ಲಿಂದ ಇಂಗಿ ಬೋರ್‌ವೆಲ್‌ಗಳಿಗೆ ಇಳಿಯುತ್ತದೆ. ಬೆಂಗಳೂರಿನ ಕಮೋಡಿಗೆ ಹಾಕಿದ ಮಾರ್ಜಕದ ಉಳಿಕೆ ನಮ್ಮ ಕೆರೆಯ ಲೆಕ್ಕಕ್ಕೂ ಸೇರುತ್ತದೆ. ಇದೇ ಬಗೆಯ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆ ತಲುಪಿದಾಗ ಎದ್ದ ನೊರೆಯನ್ನು ಜನ ಮರೆತಿಲ್ಲ. ಮೂರನೇ ಹಂತದ ಶುದ್ಧೀಕರಣಕ್ಕಾಗಿ ಶಾಶ್ವತ ನೀರಾವರಿ ಹೋರಾಟ ಸಮಿತಿ ಒತ್ತಾಯಿಸುತ್ತಲೇ ಬಂದಿದೆ. ಆ ಹೋರಾಟ ನ್ಯಾಯದ್ದು, ಜೊತೆಗೆ ಮೂಲದಲ್ಲಿ ಏನು ಸುರಿಯುತ್ತೇವೆ ಎಂಬುದೂ ಅಷ್ಟೇ ಮುಖ್ಯ. ಲ್ಯಾಸ್ ಮಾರ್ಜಕ ಗಾಳಿಯಾಡುವ ನೀರಿನಲ್ಲಿ ಒಡೆಯುತ್ತದೆ, ಗಾಳಿಯಿಲ್ಲದ ಸೆಪ್ಟಿಕ್ ಟ್ಯಾಂಕಿನಲ್ಲಿ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಕೊಬ್ಬಿನ ಆಲ್ಕೋಹಾಲಿನ ಎಥಾಕ್ಸಿಲೇಟ್ ಎರಡೂ ಕಡೆ ಒಡೆಯುತ್ತದೆ. ಗುಂಡಿಗಳ ನಾಡಿನಲ್ಲಿ ಬೆಲೆ ತುಸು ಹೆಚ್ಚಾದರೂ ಅದೇ ಬೇಕು. ನೀಲಿ ಬಣ್ಣ ಬೇಡವೇ ಬೇಡ, ಅದರಿಂದ ಯಾವ ಕೆಲಸವೂ ಆಗುವುದಿಲ್ಲ.

ಫಿನೈಲ್, ಸೋಪಿನ ಪುಡಿ ಮಾಡಿ ಮಾರುವ ಸ್ತ್ರೀಶಕ್ತಿ ಸಂಘಗಳಿಗೆ ಇಂಥ ಗುಳಿಗೆ ಕೈಗೆಟುಕದ್ದೇನಲ್ಲ. ಒಣ ಪುಡಿಗಳನ್ನು ತೂಗಿ ಬೆರೆಸಿ ಒತ್ತುವ ಕೆಲಸ, ಬೆಂಕಿ ಬೇಡ, ಬಾಯ್ಲರ್ ಬೇಡ. ಮಾಡುವವರಿಗೆ ಕನ್ನಡಕ, ಕೈಗವಸು, ಮೂಗಿಗೆ ಮಾಸ್ಕ್ ಕಡ್ಡಾಯ. ಸಲ್ಫಾಮಿಕ್ ಪುಡಿ ಕಣ್ಣಿಗೆ ಬಿದ್ದರೆ ಸುಡುತ್ತದೆ. ಬಿಳಿಯ ದುಂಡು ಗುಳಿಗೆ ಮಗುವಿನ ಕಣ್ಣಿಗೆ ಪೆಪ್ಪರ್‌ಮಿಂಟ್, ಆದ್ದರಿಂದ ಆಕಾರ ಬೇರೆ ಇರಲಿ, ಅತಿ ಕಹಿಯ ಡೆನಟೋನಿಯಂ ಚಿಟಿಕೆಯಷ್ಟು ಸೇರಲಿ. ಪೊಟ್ಟಣದ ಮೇಲೆ ಕಂಪನಿಯ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲೂ ಗಡಿ ಹಳ್ಳಿಗಳಿಗಾಗಿ ತೆಲುಗಿನಲ್ಲೂ, ಬ್ಲೀಚಿಂಗ್ ಪೌಡರ್ ಜೊತೆ ಬೆರೆಸಬಾರದು ಎಂದು ಅಚ್ಚಾಗಬೇಕು. ನಮ್ಮ ಊರುಗಳಲ್ಲಿ ಬ್ಲೀಚಿಂಗ್ ಪೌಡರ್ ಶೌಚಾಲಯದ ಬಾಗಿಲಲ್ಲೇ ಚೆಲ್ಲಿರುತ್ತದೆ, ಆಮ್ಲ ತಗುಲಿದರೆ ಅದರಿಂದ ಏಳುವುದು ಕ್ಲೋರಿನ್ ಅನಿಲ. ಓದಲು ಬಾರದವರಿಗಾಗಿ ಚಿತ್ರವೂ ಇರಲಿ, ಮತ್ತು ಮೊದಲ ಪೊಟ್ಟಣಗಳನ್ನು ಊರೂರಿನ ಪೌರಕಾರ್ಮಿಕರಿಗೆ ಕೊಟ್ಟು ಅವರು ಹೇಳಿದ್ದನ್ನು ಬರೆದುಕೊಂಡು, ಅದರಂತೆ ತಿದ್ದಿದ ಮೇಲೆಯೇ ಅಂಗಡಿಗೆ ಹೋಗಲಿ.